ಮಾಗಡಿಗ್ಯಾಕೆ ಎಸ್‌ಬಿಸಿ?

ಇಂಟರ್‌ನೆಟ್ ಫೋನ್ ನಡೆಸುವವರಿಗೆ ಸೆಷನ್ ಬಾರ್ಡರ್ ಕಂಟ್ರೋಲರ್, ಚಿಕ್ಕದಾಗಿ ಎಸ್‌ಬಿಸಿ, ಎಂಬ ಪೆಟ್ಟಿಗೆ ಬೇಕೇ, ಬೇಡವೇ? ಈ ಗಹನವಾದ ಪ್ರಶ್ನೆಗೆ ಕನಕಪುರದಿಂದ ಮಾಗಡಿವರೆಗೆ ಸರಿಯಾದ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಬೇಡ!

ಮಾಗಡಿಯಲ್ಲಿ ಕೇಬಲ್ ಟಿವಿ, ಆಮೇಲೆ ನೆಟ್ ಕೊಡುತ್ತಿದ್ದ ನಾನು ಹೋದ ವರ್ಷ ನೆಟ್ ಮೇಲೆ ಓಡುವ ಫೋನನ್ನೂ ಶುರು ಮಾಡಲು ಹೊರಟಿದ್ದೆ. ರಾಮನಗರದಲ್ಲಿ ನಮ್ಮಂಥ ಆಪರೇಟರುಗಳ ಸಭೆ ಸೇರಿದಾಗ ಚನ್ನಪಟ್ಟಣದ ನಜೀರ್ ಸಾಹೇಬರು ಎದ್ದು ನಿಂತರು. ಮನೆತನದ್ದು ಬೊಂಬೆ ವ್ಯಾಪಾರ, ಇವರದು ಮಾತ್ರ ಫೋನಿನ ಹುಚ್ಚು.

"ಎಸ್‌ಬಿಸಿ ಅಂದ್ರೆ ಬಾಗ್ಲು ಕಾಯೋನು ಕಣ್ರಪ್ಪ. ಹೊರಗಿಂದ ಬರೋ ಕಾಲ್‌ನ ನೀನ್ಯಾರು ಅಂತ ಕೇಳ್ಬುಟ್ಟು ಒಳಕ್ಕೆ ಬುಡ್ತದೆ. ಅದಿಲ್ದಿದ್ರೆ ಯಾರ್ ಬೇಕಾದ್ರೂ ನುಗ್ತಾರೆ" ಎಂದರು.

ನಾನು ಸುಮ್ಮನಿರಬಹುದಿತ್ತು. ಎದ್ದೆ. "ದೊಡ್ಡ ಕಂಪ್ನಿಗಳಿಗೆ ಬೇಕು ಸಾಹೇಬ್ರೆ, ನಮ್ ಮಾಗಡಿಗ್ಯಾಕೆ? ರೈಲೇ ಬರ್ದಿರೋ ಊರಿಗೆ ಕಳ್ಳ ಯಾವುದ್ರಲ್ಲಿ ಬತ್ತಾನೆ?" ಎಂದೆ. ಕನಕಪುರದವರು ಬೆಂಚು ಬಡಿದು ನಕ್ಕರು. ಆ ನಗು ನನ್ನ ತಲೆಗೇರಿ ಅಲ್ಲೇ ಕೂತುಬಿಟ್ಟಿತು.

ಊರಿಗೆ ಬಂದವನೇ ಗಿರಾಕಿಗಳಿಗೆಲ್ಲ ನಂಬರು ಹಂಚಿದೆ. ಮಾಲೀಕನೆಂಬ ಮರ್ಯಾದೆಗೆ ನೂರನೇ ನಂಬರು ನನಗೆ. ನೂರಾ ಒಂದು, ಅಕ್ಕೂರಿನಲ್ಲಿ ರೇಷ್ಮೆ ಹುಳ ಸಾಕುವ ನಂಜೇಗೌಡರಿಗೆ. ಇವರು ನನ್ನ ಹೆಂಡತಿ ಜಯಮ್ಮನ ಅಣ್ಣ. ಅಂದರೆ ನನ್ನ ಮಗಳು ಕಾವ್ಯಳ ಸೋದರಮಾವ. ಅದೇ ತಿಂಗಳು ಅವಳ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಸೋದರಮಾವ ಕೈಹಿಡಿದು ಕರೆತರದೆ ಹುಡುಗಿ ಮಂಟಪಕ್ಕೆ ಬರುವ ಹಾಗಿಲ್ಲ. ಅವರನ್ನು ಮನೆಗೇ ಹೋಗಿ, ವೀಳ್ಯ ಕೊಟ್ಟು, ಎಲ್ಲರಿಗಿಂತ ಮೊದಲು ಕರೆಯಬೇಕು. ಫೋನಿನಲ್ಲಿ ಕರೆದರೆ ಕರೆಯದಿರುವುದಕ್ಕಿಂತ ಕಡೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಭಾನುವಾರ ಹೋಗೋಣವೆಂದು ನಿಶ್ಚಿಂತೆಯಿಂದ ಇದ್ದೆ.

ಭಾನುವಾರ ಬರುವ ಮೊದಲೇ ಜಯಮ್ಮ ಸೌಟು ಹಿಡಿದುಕೊಂಡು ಮನೆಯ ಮುಂದಿನ ಕೋಣೆಯಲ್ಲಿದ್ದ ಆಫೀಸಿಗೆ ಬಂದಳು.

"ನಮ್ಮಣ್ಣಂಗೆ ಫೋನ್ ಮಾಡ್ಬುಟ್ಟು ಮಾತಾಡ್ದೆ ಮಡಗ್ತೀರಂತೆ?"

"ನಾನಾ? ನಾನ್ಯಾವಾಗ ಮಾಡ್ದೆ?"

"ಹುಳಕ್ಕೆ ಸೊಪ್ಪಾಕೋ ಹೊತ್ತಲ್ಲಿ, ಹಾಲು ಕರೆಯೋ ಹೊತ್ತಲ್ಲಿ, ಉಣ್ಣಕ್ಕೆ ಕೂತಾಗ! ಎದ್ದು ಬಂದು ನೋಡುದ್ರೆ ನಿಮ್ದೇ ನೂರನೇ ನಂಬ್ರು. ಎತ್ತುದ್ರೆ ಉಸಿರಿಲ್ಲ. ಮನೇಗ್ ಬಂದು ಕರಿಯಕ್ಕೆ ಸೋಮಾರಿತನ, ಫೋನಲ್ಲಿ ಕರಿಯಕ್ಕೆ ನಾಚ್ಕೆ, ಅದಕ್ಕೇ ಹಿಂಗಾಡ್ತಾನೆ ಅಂದ. ಮದ್ವೇಗೆ ಬರಕ್ಕಿಲ್ವಂತೆ!"

ದೇವರಾಣೆಗೂ ನಾನು ಮಾಡಿರಲಿಲ್ಲ. ನಜೀರ್ ಸಾಹೇಬರಿಗೆ ಫೋನು ಮಾಡಿದೆ. ಅವರು ನಗಲಿಲ್ಲ, ಅದೇ ಹೆಚ್ಚು ಉರಿಯಿತು. "ಎಲ್ಲೋ ಕೂತ್ಕಂಡು ತೆರೆದ ಬಾಗ್ಲು ಹುಡ್ಕೋ ಕಳ್ ಕಂಪ್ಯೂಟ್ರುಗಳು ಇರ್ತವೆ ಗೌಡ್ರೆ. ಎಲ್ಲಿಗ್ ನುಗ್ಗುದ್ರೂ ಮೊದ್ಲು ಹೇಳೋ ಸುಳ್ಳೇ 'ನಾನು ನೂರು' ಅಂತ. ನೀವು ಅದನ್ನೇ ನಿಮ್ ನಂಬ್ರು ಮಾಡ್ಕಂಡಿದೀರಾ?"

ಮಾಡಿಕೊಂಡಿದ್ದೆ!

ಸರಿ, ಒಂದು ಮಾತು ವಿವರಿಸಿಬಿಟ್ಟರೆ ಮುಗಿಯಿತಲ್ಲ ಎಂದು ನಾನೇ ಅಕ್ಕೂರಿಗೆ ಫೋನು ಮಾಡಿದೆ. ಅದೇ ಫೋನಿನಿಂದ! ಆ ಕಡೆ ಎತ್ತಿದರು. "ಭಾವ, ನಾನು ಮಾತಾಡೋದು" ಎಂದೆ. ಸದ್ದಿಲ್ಲ. ಇನ್ನೂ ಜೋರಾಗಿ ಹೇಳಿದೆ. ಸದ್ದಿಲ್ಲ. ಬಾಗಿಲಲ್ಲಿ ನಿಂತಿದ್ದ ಜಯಮ್ಮನ ಕಡೆ ತಿರುಗಿ, "ಎತ್ಕಂಡು ಸುಮ್ನೆ ಕೂತವ್ನೆ ಕಣೆ ನಿಮ್ಮಣ್ಣ. ಸೋದರಮಾವ ಅಂದ್ರೆ ಮೈಸೂರು ಮಹಾರಾಜ ಅನ್ಕಂಬುಟ್ಟವ್ನೆ. ಇವನಿಲ್ದಿದ್ರೆ ತಾಳಿ ಕಟ್ಟಕ್ಕಾಗಲ್ವಾ?" ಎಂದೆ.

ಆಮೇಲೆ ತಿಳಿಯಿತು. ಎಸ್‌ಬಿಸಿ ಇಲ್ಲದಿದ್ದರೆ ಕೆಲವು ಸಲ ಮಾತು ಒಂದೇ ಕಡೆಗೆ ಹರಿಯುತ್ತದಂತೆ. ಅವರ ಮಾತು ದಾರಿ ತಪ್ಪಿ ಅವರ ಮನೆಯಲ್ಲೇ ಉಳಿದಿತ್ತು. ನನ್ನದು ಒಂದಕ್ಷರವೂ ಸೋರದೆ ಅಕ್ಕೂರು ಮುಟ್ಟಿತ್ತು.

ಜಯಮ್ಮ ಅಳಲೂ ಇಲ್ಲ, ಬೈಯಲೂ ಇಲ್ಲ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟಳು. "ಒಪ್ಸಿಕೊಂಡ್ ಬಂದ್ರೆ ಮನೇಗ್ ಬನ್ನಿ" ಎಂದಳು. ಒಳಗೆ ಕಾವ್ಯ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮಾಗಡಿಯಿಂದ ರಾಮನಗರ, ರಾಮನಗರದಿಂದ ಚನ್ನಪಟ್ಟಣ, ಅಲ್ಲಿಂದ ಅಕ್ಕೂರು, ಮೂರು ಬಸ್ಸಿನಲ್ಲೂ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನಂಜೇಗೌಡರು ಹುಳದ ಮನೆಯಿಂದ ಬಂದು, ಕೈ ತೊಳೆದು, ಜಗಲಿಯ ಮೇಲೆ ಕೂತರು.

"ಮಹಾರಾಜ್ರನ್ನ ನೋಡಕ್ ಬಂದ್ಯಾ ಪುಟ್ಸಾಮಿ?"

"ತೆಪ್ಪಾಯ್ತು ಭಾವ. ಆದ್ರೆ ಮೊದ್ಲು ಬಂದ ಫೋನು ಒಂದೂ ನಂದಲ್ಲ."

"ನಿನ್ ನಂಬ್ರು ನಿಂದಲ್ದೆ ನಮ್ಮಪ್ಪಂದಾ?"

ಆಗ ಒಳಗೆ ಫೋನು ಬಡಿದುಕೊಂಡಿತು. ಓಡಿಹೋಗಿ ಎತ್ತಿಕೊಂಡು ಬಂದೆ. ನೂರು! ಖುಷಿಗೆ ಕುಣಿಯುವುದೊಂದು ಬಾಕಿ. "ನೋಡಿ ಭಾವ! ನಾನಿಲ್ಲೇ ಅವ್ನಿ. ನೂರಿಂದ ಫೋನ್ ಬತ್ತಾ ಐತೆ!"

ಅವರು ಒಮ್ಮೆ ಫೋನನ್ನೂ ಒಮ್ಮೆ ನನ್ನನ್ನೂ ನೋಡಿದರು. "ಹಂಗಾರೆ ನಿನ್ ಕಂಪ್ನಿನಾಗೆ ನಿನ್ ಹೆಸ್ರೇಳ್ಕಂಡು ಯಾರ್ ಬೇಕಾದ್ರೂ ಬರ್ಬೋದಾ?"

ನನ್ನ ಮುಂದೆ ಎರಡೇ ದಾರಿ. ಒಂದೋ ನಾನು ಮರ್ಯಾದೆಗೆಟ್ಟ ನೆಂಟ, ಇಲ್ಲವೋ ಮರ್ಯಾದೆಗೆಟ್ಟ ಆಪರೇಟರ್. ವೀಳ್ಯದ ಮೇಲೆ ಕೈಯಿಟ್ಟು ನುಡಿದೆ. "ಬರ್ಬೋದು ಭಾವ. ನನ್ ಕಂಪ್ನಿಗೆ ಬಾಗ್ಲೇ ಇಲ್ಲ. ಅದನ್ನ ನಂಬ್ಬೇಡಿ."

ಅವರ ಮುಖ ಅರಳಿತು. "ಅಯ್ಯೋ ನಿನ್ನ! ಇದನ್ನ ಒಸಿ ಮೊದ್ಲೇ ಹೇಳಕ್ಕೇನಾಗಿತ್ತು? ತಪ್ಪು ನಿಂದಲ್ಲ, ಕಂಪ್ನೀದು!" ಎಂದು ವೀಳ್ಯ ಎತ್ತಿಕೊಂಡರು.

ಮದುವೆಗೆ ಹಿಂದಿನ ದಿನವೇ ಬಂದರು. ಕಾವ್ಯಳ ಕೈಹಿಡಿದು ಮಂಟಪಕ್ಕೆ ಕರೆತಂದಾಗ ಅತ್ತರು, ನನ್ನನ್ನೂ ಅಳಿಸಿದರು. ಆಮೇಲೆ ಊಟದ ಪಂಕ್ತಿಯಲ್ಲಿ ಎಲೆಯಿಂದ ಎಲೆಗೆ ಹೋಗಿ ನನ್ನ ಮಾನ ಉಳಿಸುವ ಕೆಲಸಕ್ಕೆ ನಿಂತರು. "ನಮ್ ಪುಟ್ಸಾಮಿ ಬಂಗಾರ ಕಣ್ರಪ್ಪ! ಕೆಟ್ಟೋಗಿರೋದು ಇವನ ಕಂಪ್ನಿ. ಯಾರು ಯಾರ ಹೆಸ್ರಲ್ಲಿ ಬೇಕಾದ್ರೂ ಫೋನ್ ಮಾಡ್ಬೋದಂತೆ. ಸ್ವಂತ ಬಾಯಿಂದ ಒಪ್ಕಂಡವ್ನೆ!" ಉಣ್ಣುತ್ತಿದ್ದವರಲ್ಲಿ ಮುಕ್ಕಾಲು ಜನ ನನ್ನ ಗಿರಾಕಿಗಳು. ಭಾವನ ಬಾಯಿ ತಡೆಯೋಣವೆಂದರೆ ಮತ್ತೆ ಮುನಿಸಿಕೊಂಡಾರೆಂಬ ಭಯ. ನಗುತ್ತಾ ಪಾಯಸ ಬಡಿಸಿದೆ.

ಈಗ ನಮ್ಮಲ್ಲೂ ಎಸ್‌ಬಿಸಿ ಇದೆ. ಬಲು ಭದ್ರ. ಹೊರಗಿನ ಒಂದು ನೊಣವೂ ಒಳಗೆ ಬರುವುದಿಲ್ಲ. ಒಳಗಿರುವವನು ನಾನೊಬ್ಬನೇ!