ಮೂರು ಬಟ್ಟಲು ಸಾರು

ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಅದಕ್ಕೇ ಡೈರಿ ಬರೆಯುತ್ತೇನೆ. ಇತ್ತೀಚೆಗೆ ಡೈರಿಯ ಮೇಲೂ ನಂಬಿಕೆ ಹೋಗಿದೆ. ಬರೆಯುವವನು ಅದೇ ಮನುಷ್ಯ ತಾನೆ? "ನಿಮ್ಮ ಡೈರಿ ಅಂದ್ರೆ ನಿಮ್ಮ ವಕೀಲರಿದ್ದ ಹಾಗೆ, ಬೇಕಾದ್ದು ಮಾತ್ರ ಹೇಳುತ್ತೆ" ಎನ್ನುತ್ತಾಳೆ ಹೆಂಡತಿ ಸುಧಾ. ಜಪಾನಿನ ಹಮಾಮತ್ಸು ಊರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿ ಒಂದು ಮಿಲಿಮೀಟರಿನ ಹತ್ತನೇ ಭಾಗದ ತಪ್ಪು ಹಿಡಿಯುವ ನಾನು, ಒಂದು ಬಟ್ಟಲು ಸಾರಿನ ವಿಷಯದಲ್ಲಿ ಏಳು ವರ್ಷ ಎಡವಿದ ಕತೆ ಇದು.

ಏಳು ವರ್ಷದ ಹಿಂದೆ, ನಾವು ಜಪಾನಿಗೆ ಬಂದ ಮೊದಲ ಚಳಿಗಾಲದಲ್ಲಿ, ಮೈಸೂರಿನಿಂದ ಅಮ್ಮ ಬಂದಿದ್ದಳು. ನಮ್ಮ ಮನೆಯಲ್ಲಿ ಪ್ರಯಾಣ ಎಂದರೆ ಮೊದಲು ಬುತ್ತಿ, ಆಮೇಲೆ ಟಿಕೆಟ್ಟು. ಅಮ್ಮ ಮೊಟ್ಟೆ ಬೇಯಿಸುವ ಹೋಟೆಲಿನಲ್ಲಿ ಕಾಫಿಯನ್ನೂ ಕುಡಿದವಳಲ್ಲ. ಚಪಾತಿ, ಚಟ್ನಿಪುಡಿ, ಗೊಜ್ಜವಲಕ್ಕಿ ಎಲ್ಲ ಕಟ್ಟಿಕೊಂಡು, ನಗೋಯಾದಲ್ಲಿ ರೈಲು ಬದಲಿಸಿ, ನೋಮಿಯ ಹತ್ತಿರದ ಬಿಸಿನೀರಿನ ಬುಗ್ಗೆಯ ಊರಿಗೆ ಹಿಮ ನೋಡಲು ಹೋಗಿದ್ದೆವು. ನನಗೆ ಆಗ ಬರುತ್ತಿದ್ದ ಜಪಾನೀ ಭಾಷೆ ಮೂರು ಮಾತಿನದು: ತಪ್ಪು ಮಾಡುವ ಮೊದಲು ಕ್ಷಮಿಸಿ ಎನ್ನಲು ಸುಮಿಮಾಸೆನ್, ಮಾಡಿದ ಮೇಲೆ ಥ್ಯಾಂಕ್ಸ್ ಎನ್ನಲು ಅರಿಗಾತೋ, ಯಾರು ಏನೇ ಕೇಳಿದರೂ ದೈಜೋಬು. ಅಂದರೆ, ಪರವಾಗಿಲ್ಲ, ನಡೆಯುತ್ತೆ. ಆಫೀಸಿನಲ್ಲಿ ಹೀಗೆ ದೈಜೋಬು ಎಂದುಬಿಟ್ಟು ಎರಡು ಭಾನುವಾರ ಕೆಲಸಕ್ಕೆ ಹೋಗಿ ಬಂದವನು ನಾನು. ಈ ಪ್ರವಾಸಕ್ಕೆಂದು ನಾಲ್ಕನೆಯ ಮಾತೊಂದನ್ನು ಬಾಯಿಪಾಠ ಮಾಡಿದ್ದೆ: ಸಕಾನಾ ದಾಮೆ, ಮೀನು ಬೇಡ. ಅದನ್ನು ಹೇಳುವಾಗ ವಸತಿಗೃಹದ ಯಜಮಾನಿಗೆ ಅಮ್ಮನನ್ನು ತೋರಿಸಿದ್ದು ಚೆನ್ನಾಗಿ ನೆನಪಿದೆ. ಮನೆಯ ಹಿರಿಯರನ್ನು ತೋರಿಸಿದರೆ ಮನೆಗೆಲ್ಲ ಸೇರಿತು ಎಂಬುದು ನನ್ನ ಲೆಕ್ಕ.

ಊಟಕ್ಕೆ ಬಂದ ಆ ತಿಳಿಸಾರು! ಅರಗು ಬಳಿದ ಕಪ್ಪು ಬಟ್ಟಲು, ಮುಚ್ಚಳ ತೆಗೆದರೆ ಹಬೆ, ತಳದಲ್ಲಿ ಒಂದು ಚೂರು ತೋಫು. ಸುಧಾ ಮಾತ್ರ ಯಾರನ್ನೂ ನಂಬದೆ ಗೊಜ್ಜವಲಕ್ಕಿಯ ಡಬ್ಬಿ ಬಿಚ್ಚಿದಳು. ಅಮ್ಮ ಒಂದು ಗುಟುಕು ಕುಡಿದು, "ಹುಳಿಯಿಲ್ಲ, ಖಾರವಿಲ್ಲ, ಆದ್ರೂ ಹೊಟ್ಟೆಗೆ ಎಷ್ಟು ಹಿತವಾಗಿದೆ ನೋಡೋ" ಎಂದಳು. ಅವಳ ಕನ್ನಡಕದ ಮೇಲೆ ಹಬೆ ಕೂತಿತ್ತು. ಇನ್ನೂ ಬೇಕೆಂದು ಬಟ್ಟಲು ಮುಂದೆ ಚಾಚಿದ್ದಳು. ಆ ಚಿತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಡೈರಿಯಲ್ಲೂ ಸಾಕ್ಷಿಯಿದೆ: "ಹಿಮ. ಸಾರು. ಮೂರು ಬಟ್ಟಲು!"

ಅಮ್ಮ ಊರಿಗೆ ಮರಳಿದ ಮೇಲೆ, ಒಂದು ದಿನ ಆಫೀಸಿನ ಕ್ಯಾಂಟೀನಿನಲ್ಲಿ ಸಹೋದ್ಯೋಗಿ ಮೊರಿ-ಸಾನ್‌ಗೆ ಆ ಸಾರನ್ನು ಹೊಗಳಿದೆ. ಅವರು ಸಂತೋಷದಿಂದ ವಿವರಿಸಿದರು. ಒಣಗಿಸಿದ ಮೀನನ್ನು ತೆಳ್ಳಗೆ ಹೆರೆದು, ನೀರಲ್ಲಿ ಕುದಿಸಿ, ಸೋಸಿಬಿಡುತ್ತಾರಂತೆ; ಮೀನು ಕಣ್ಣಿಗೆ ಬೀಳುವುದಿಲ್ಲ, ರುಚಿ ಉಳಿಯುತ್ತದೆ. ಇಲ್ಲಿನ ಸಾರುಗಳಲ್ಲಿ ಬಹುಪಾಲು ಹಾಗೇ. ಅಂದರೆ ಅಮ್ಮ ಕುಡಿದದ್ದು ಮೀನಿನ ಸಾರು. ಮೂರು ಬಟ್ಟಲು!

ಅಲ್ಲಿಂದ ಶುರುವಾಯಿತು. ಪ್ರತಿ ಸಂಕ್ರಾಂತಿಗೆ ವಿಡಿಯೋ ಕಾಲಿನಲ್ಲಿ ಅಮ್ಮ, "ಆ ಸಾರು ಯಾವುದರಲ್ಲಿ ಮಾಡ್ತಾರೆ ಅಂತ ಕೇಳೋ ರಾಘು, ಮಾಡಿ ನೋಡ್ತೀನಿ" ಎನ್ನುವಳು. ಒಂದು ಸಲ ಬಾಯಿಗೆ ಬಂದದ್ದು ಹೇಳಿದೆ: "ಅದು ಹಿಮದ ನೀರಿನ ರುಚಿ ಅಮ್ಮ." ಅಮ್ಮ ಅದನ್ನು ನೆಂಟರಿಷ್ಟರಿಗೆಲ್ಲ ಸಾರಿದಳು. ಚಿಕ್ಕಮ್ಮನಂತೂ ಫ್ರಿಜ್ಜಿನ ಐಸು ಕರಗಿಸಿ ತಿಳಿಸಾರು ಮಾಡಿ ನೋಡಿದರಂತೆ.

ಈ ಚಳಿಗಾಲ ಅಮ್ಮ ಮತ್ತೆ ಬಂದಳು. ಸೂಟ್‌ಕೇಸು ಇಳಿಸುವ ಮೊದಲೇ, "ಆ ಸಾರಿನ ಊರಿಗೆ ಹೋಗೋಣ ಕಣೋ" ಎಂದಳು.

ರೈಲಿನಲ್ಲಿ ಸುಧಾ ಮೊಣಕೈಯಲ್ಲಿ ತಿವಿದಳು. "ಹೇಳಿಬಿಡ್ರೀ. ಅಲ್ಲಿ ಹೋಗಿ ಇನ್ನೊಂದು ಸಲ ಕುಡಿಸ್ತೀರಾ?"

"ಈ ಸುರಂಗ ದಾಟಲಿ, ಹೇಳ್ತೀನಿ."

ಸುರಂಗ ದಾಟಿತು. ಆಚೆ ಕಡೆ ಎಲ್ಲ ಬಿಳುಪು. ಅಮ್ಮ ಕಿಟಕಿಗೆ ಮುಖವಿಟ್ಟು, "ಅಯ್ಯೋ, ಯಾರೋ ಪೇಪರ್ ಅವಲಕ್ಕಿ ಚೆಲ್ಲಿದ ಹಾಗಿದೆಯಲ್ಲೇ ಪುಟ್ಟಿ" ಎಂದು ಮೊಮ್ಮಗಳ ಕೈ ಹಿಡಿದುಕೊಂಡಳು. ಜೀವಮಾನವೆಲ್ಲ ಒಂದು ನಿಯಮ ಹಿಡಿದು ಬದುಕಿದವಳಿಗೆ, ಅದನ್ನು ನಾನೇ ಮುರಿಸಿದೆ ಎಂದು ಆ ಹೊತ್ತಿನಲ್ಲಿ ಹೇಗೆ ಹೇಳಲಿ? ಇನ್ನೂ ಮೂರು ಸುರಂಗ ದಾಟಿದವು.

ವಸತಿಗೃಹದ ಯಜಮಾನಿ ಬಾಗಿಲಲ್ಲೇ ಬಗ್ಗಿ ನಮಸ್ಕರಿಸಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಆದರೆ ಅಮ್ಮನ ಗುರುತು ಹಿಡಿದರು. ಕೋಣೆಗೆ ಚಹಾ ತಂದಾಗ ಜೊತೆಗೆ ಬಟ್ಟೆಯ ರಟ್ಟಿನ ಹಳೆಯ ಪುಸ್ತಕವನ್ನೂ ತಂದರು. ಬಂದ ಅತಿಥಿ ಏನು ತಿಂದರು, ಏನು ಬಿಟ್ಟರು ಎಂದು ಅವರ ಅತ್ತೆಯ ಕಾಲದಿಂದಲೂ ಬರೆದಿಡುತ್ತಾರಂತೆ, ಮತ್ತೆ ಬಂದಾಗ ಕೇಳುವ ಪ್ರಮೇಯ ಬರಬಾರದೆಂದು. ಪುಸ್ತಕವನ್ನು ಮೊದಲು ನನ್ನತ್ತ ಎಳೆದುಕೊಂಡೆ. ಆ ಬರಹ ನನಗೆ ಓದಲು ಬಾರದು. ಹನ್ನೊಂದು ವರ್ಷದ ಮಗಳಿಗೆ ಬರುತ್ತದೆ. ಅವಳು ಹಾಳೆಯ ಮೇಲೆ ಬೆರಳಿಟ್ಟು ತನ್ನ ಕನ್ನಡದಲ್ಲಿ ಶುರುಮಾಡಿದಳು.

"ಇಂಡಿಯಾದ ಅಜ್ಜಿ. ಫಿಶ್ ಬೇಡ. ಅಜ್ಜಿ ಸೂಪ್‌ಗೆ ಬರೀ ಸೀವೀಡ್, ಒಣಗಿದ ಮಶ್ರೂಮ್. ಬೇರೆ ಪಾತ್ರೆ. ಒಂದೂವರೆ ಬಟ್ಟಲು."

ಏಳು ವರ್ಷದ ಭಾರ ಇಳಿದು, ನನ್ನ ಕಣ್ಣು ಒದ್ದೆಯಾಯಿತು. "ಸಾಕು ಪುಟ್ಟಿ, ಮುಚ್ಚು" ಎಂದೆ.

"ಇನ್ನೂ ಇದೆ ಅಪ್ಪಾ. ಮಗ. ಫಿಶ್ ಪರವಾಗಿಲ್ವಾ ಅಂತ ಕೇಳಿದೆ. ದೈಜೋಬು ಅಂದ್ರು. ಫಿಶ್ ಸೂಪ್, ಮೂರು ಬಟ್ಟಲು. ತುಂಬಾ ಖುಷಿ."

ಸುಧಾ ಶಾಂತವಾಗಿ, "ನಾನು ಅವತ್ತೇ ಗೊಜ್ಜವಲಕ್ಕಿ ತಿಂದೆನಪ್ಪ" ಎಂದಳು.

"ಇಲ್ಲಮ್ಮ, ನಂಗೆ ಚೆನ್ನಾಗಿ ನೆನಪಿದೆ," ಎಂದೆ ನಾನು. "ನೀನೇ ಬಟ್ಟಲು ಚಾಚಿದೆ. ಕನ್ನಡಕದ ಮೇಲೆ ಹಬೆ..."

"ನನಗೆ ಕನ್ನಡಕ ಬಂದಿದ್ದೇ ಹೋದ ವರ್ಷ ಕಣೋ. ಆಗ ಕನ್ನಡಕ ಇದ್ದದ್ದು ನಿನ್ನ ಮೂಗಿನ ಮೇಲೆ," ಎಂದು ಅಮ್ಮ ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಹಿಮದ ನೀರಂತೆ! ಪಾಪ, ನಿನ್ನ ಚಿಕ್ಕಮ್ಮನಿಗೆ ಏನು ಹೇಳೋಣ ಈಗ?"

ಯಜಮಾನಿ ಪುಸ್ತಕ ಮುಚ್ಚುತ್ತ, ಈ ಸಲವೂ ಹಾಗೆಯೇ ಮಾಡಲೇ ಎಂದು ನನ್ನತ್ತ ತಿರುಗಿ ಕೇಳಿದರು. ಅಭ್ಯಾಸಬಲದಿಂದ ನಾಲಿಗೆ 'ದೈ' ಎನ್ನುವಷ್ಟರಲ್ಲಿ ಅಮ್ಮ, "ಅವನಿಗೂ ನನ್ನ ಪಾತ್ರೆಯದೇ ಅಂತ ಹೇಳು ಪುಟ್ಟಿ" ಎಂದಳು.

ರಾತ್ರಿಯ ಊಟಕ್ಕೆ ಸಾರು ಬಂತು. ಅದೇ ಕಪ್ಪು ಬಟ್ಟಲು, ಅದೇ ಹಬೆ. ಅಮ್ಮ ಎರಡು ಬಟ್ಟಲು ಕುಡಿದು, ಏಳು ವರ್ಷದಿಂದ ನೆನಪಿಟ್ಟುಕೊಂಡಿದ್ದ ರುಚಿ ಇದೇ ಎಂದಳು. ನಾನು ಏಳು ವರ್ಷದಿಂದ ನೆನಪಿಟ್ಟುಕೊಂಡಿದ್ದ ರುಚಿ ಅದಾಗಿರಲಿಲ್ಲ. ಮಲಗುವ ಮುಂಚೆ ಡೈರಿ ತೆಗೆದು ಬರೆದೆ: "ಹಿಮ. ಸಾರು ಸೊಗಸಾಗಿತ್ತು. ಎರಡು ಬಟ್ಟಲು." ಕುಡಿದವರು ಯಾರೆಂದು ಈ ಸಲವೂ ಬರೆದಿಲ್ಲ.