ಕುರಿಮಂದೆಯ ಹತ್ತಿರ ಎಡಕ್ಕೆ

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಚಳ್ಳಕೆರೆ ಸಂತೆಯಲ್ಲಿ ಕೊಸರು ಕರಿಬೇವನ್ನೇ ಬಿಡದವಳು, ನಕ್ಷೆ ಓದಲು ಕಲಿಸುವ ಅಭ್ಯಾಸದ ಹಾಳೆಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿದ್ದಿರುವಾಗ ಬಿಟ್ಟೇನೆಯೇ? ತಳಕು ಊರಿನ ಆಚೆ ನಾನು ಪಾಠ ಮಾಡುವ ಹಳ್ಳಿ ಶಾಲೆಯ ಐದನೆಯ ತರಗತಿಗೆಂದು ಒಂದು ಕಂತೆ ಪ್ರಿಂಟ್ ಹಾಕಿಸಿದೆ. ನೋಡಿದರೆ ಬಂದರು, ಹಡಗು, ದೀಪಸ್ತಂಭ! "ಮಿಸ್, ಈ ಸಮುದ್ರ ಎಲ್ಲೈತೆ? ಮೊಳಕಾಲ್ಮೂರಿಗೆ ಹೋಗೋ ದಾರೀಲಿ ಬರ್ತೈತಾ?" ಎಂದು ಮಕ್ಕಳು ಜೀವ ತಿಂದವು.

ಸಮುದ್ರ ಬಿಡಿ, ಡಾಂಬರು ರಸ್ತೆಯಿಂದ ನಮ್ಮ ಶಾಲೆಗೆ ದಾರಿ ಬರೆಯಿರಿ ಎಂದೆ. ದೂರದಿಂದಲೇ ಕಾಣುವ ದೊಡ್ಡ ಗುರುತು ಹಾಕಬೇಕೆಂದು ಹಾಳೆಯಲ್ಲಿತ್ತು. ಎಂಥ ಚಂದ ಬರೆದವು ಅಂತೀರಿ! ದಾರಿ ಕವಲಾಗುವಲ್ಲಿ, ಗೊಬ್ಬರಕ್ಕೆಂದು ಹೊಲದಲ್ಲಿ ನಿಲ್ಲಿಸಿದ್ದ ಕುರಿಮಂದೆ. ಅಲ್ಲಿ ಎಡಕ್ಕೆ ತಿರುಗಿದರೆ ಶಾಲೆ. ನಾನು ಕುಣಿದಾಡುವುದೊಂದು ಬಾಕಿ. ಮರುದಿನ ನನ್ನ ಪಾಠ ನೋಡಲು ಶಿಕ್ಷಣ ಇಲಾಖೆಯ ಹೊಸ ಸಾಹೇಬರು ಬರುವವರಿದ್ದರು. ಮೆಚ್ಚಿದರೆ ಬೇರೆ ಶಾಲೆಯ ಶಿಕ್ಷಕರಿಗೂ ಪಾಠ ಹೇಳಲು ನನ್ನನ್ನೇ ಕರೆಯುತ್ತಾರೆಂಬ ಆಸೆ. ರಸ್ತೆಯಿಂದ ಅವರನ್ನು ಕರೆತರುತ್ತೇನೆಂದ ಹೆಡ್‌ಮಾಸ್ಟರನ್ನೂ ತಡೆದೆ. "ಬ್ಯಾಡ ಸಾರ್, ಮಕ್ಕಳ ನಕ್ಷೆ ಫೋನಿಗೆ ಕಳ್ಸಿದೀನಿ. ನೋಡ್ಕೊಂಡು ಅವ್ರೇ ಬರ್ತಾರೆ."

"ದಾರಿ ತಪ್ಪಿದ್ರೆ ನನ್ನ ಕೇಳ್ಬ್ಯಾಡ್ರಿ ಮೇಡಂ" ಎಂದರು ಅವರು.

ಮರುದಿನ ಸಾಹೇಬರ ಫೋನು ಬಂತು. "ಕುರಿ ಹತ್ರ ಎಡಕ್ಕೆ ತಿರುಗಿದೆ. ಶೇಂಗಾ ಹೊಲ ಬಂತಲ್ರೀ!" ಮಂದೆ ಹಿಂದಿನ ಸಂಜೆಯೇ ಬೇರೆ ಹೊಲಕ್ಕೆ ಹೋಗಿತ್ತು. ಬೆಳಗ್ಗೆ ಅದೇ ದಾರಿಯಲ್ಲಿ ಬಂದ ನಾನು ಸ್ವಾಗತ ಭಾಷಣ ಬಾಯಿಪಾಠ ಮಾಡುತ್ತಿದ್ದೆ, ನೋಡಿದರೆ ತಾನೆ! ಮಕ್ಕಳಿಗೆ ಮಾತ್ರ ಸಂಭ್ರಮ. "ಸಾಹೇಬ್ರು ಕರೆಕ್ಟಾಗಿ ಓದವ್ರೆ ಮಿಸ್! ಕುರಿ ಹತ್ರಾನೇ ತಿರುಗವ್ರೆ!" ಎಂದು ಚಪ್ಪಾಳೆ ಬೇರೆ.

"ಆ ಕುರಿ ಹತ್ರಾನೇ ಇರ್ರಿ ಸಾರ್, ಬಂದೆ" ಎಂದು ಸ್ಕೂಟಿ ಓಡಿಸಿದೆ. ದೂರದಲ್ಲಿ ಮಂದೆ ಕಂಡಿತು, ಹೋದ ಜೀವ ಬಂತು. ಹತ್ತಿರ ಹೋದರೆ ಕುರಿಗಳಿವೆ, ಸಾಹೇಬರಿಲ್ಲ. ಫೋನು ಮಾಡಿದೆ. "ಸಾರ್, ನಾನು ಕುರಿ ಹತ್ರ ಇದೀನಿ, ನೀವೆಲ್ಲಿ?"

"ನಾನೂ ಕುರಿ ಹತ್ರಾನೇ ಇದೀನಲ್ರೀ!"

ಆ ಕಡೆಯಿಂದಲೂ ಬ್ಯಾ, ಈ ಕಡೆಯಿಂದಲೂ ಬ್ಯಾ. ಈ ಸೀಮೆಯಲ್ಲಿ ಮಂದೆ ಒಂದೇ ಇರುತ್ತದೆಯೇ!

ಕಾದು ಕಾದು ಸಾಹೇಬರು ದಾರಿಹೋಕರನ್ನು ಕೇಳಿಕೊಂಡು ತಾವೇ ಶಾಲೆ ಸೇರಿದ್ದಾರೆ. ನಾನಿಲ್ಲದ್ದರಿಂದ ಹೆಡ್‌ಮಾಸ್ಟರೇ ನಕ್ಷೆಯ ಪಾಠ ಮಾಡಿದ್ದಾರೆ. ಹೊಲದಿಂದ ಹೊಲಕ್ಕೆ ಅಲೆದು ನಾನು ಬರುವ ಹೊತ್ತಿಗೆ, ಸಾಹೇಬರು ಅವರನ್ನು ಬಾಯಿತುಂಬ ಹೊಗಳಿ ಹೊರಟುಹೋಗಿದ್ದರು. ಬೇರೆ ಶಿಕ್ಷಕರಿಗೆ ಪಾಠ ಹೇಳಲು ಈಗ ಅವರಿಗೇ ಕರೆ ಬಂದಿದೆ.

"ಪಾಠ ಕೇಳೋಕೆ ನೀವೂ ಬರ್ರಿ ಮೇಡಂ" ಎಂದರು ಹೆಡ್‌ಮಾಸ್ಟರು, "ಆದ್ರೆ ನಿಮ್ಮ ಗಾಡಿ ನನ್ನ ಬೈಕಿನ ಹಿಂದೇನೇ ಇರ್ಲಿ."

ಹೂಂ ಅಂದೆ. ಇನ್ನೇನು ಮಾಡಲಿ?