ಮೀಸೆ ಪಣಕ್ಕಿಟ್ಟು ಮೌಸು ಹುಡುಕಿದ್ದು

ಎಲ್ಲರ ಮನೆಯಲ್ಲೂ ಸಾಮಾನು ಕೆಡುತ್ತದೆ, ಹೊಸದು ತರುತ್ತಾರೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಹಾಗೆ ಸುಮ್ಮನೆ ಮುಗಿದದ್ದಿಲ್ಲ. ಮಿಕ್ಸಿ ಕೆಟ್ಟಾಗಲೂ ಏನೋ ಒಂದಾಯಿತು, ಗೀಸರ್ ಕೆಟ್ಟಾಗಲೂ ಆಯಿತು. ಈ ಸಲ ಕೆಟ್ಟಿದ್ದು ಮೌಸು.

ಬಾಗಿಲು ತೆಗೆದು ಮುಚ್ಚಿದ್ದು

ನಾನು ಪಶು ಪರೀಕ್ಷಕ. ಮನೆ ಗುಂಡ್ಲುಪೇಟೆಯಲ್ಲಿ, ಕೆಲಸ ಹಂಗಳದ ಸುತ್ತಮುತ್ತ. ಹಗಲೆಲ್ಲ ಹಸು ಎಮ್ಮೆಗಳಿಗೆ ಸೂಜಿ ಚುಚ್ಚಿ ಬಂದು, ಸಂಜೆ ಲ್ಯಾಪ್‌ಟಾಪ್ ಮುಂದೆ ಕೂತು ಗುಂಡು ಹಾರಿಸುವ ಆಟ ಆಡುತ್ತೇನೆ. ಈ ವಯಸ್ಸಿಗೆ ಇದು ಬೇಕಾ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದಾರೆ. ಎದುರಾಳಿ ನನ್ನ ಹೆಂಡತಿಯ ತಮ್ಮ. ಚಾಮರಾಜನಗರದಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಅವನು ಅಲ್ಲಿ, ನಾನು ಇಲ್ಲಿ ಕೂತು ಒಬ್ಬರನ್ನೊಬ್ಬರು ಕೊಲ್ಲುತ್ತಿರುತ್ತೇವೆ. ಸೋತಾಗಲೆಲ್ಲ ನಾನು ನೆಟ್‌ವರ್ಕ್ ಸರಿಯಿರಲಿಲ್ಲ ಅನ್ನುತ್ತೇನೆ, ಅವನು ಕರೆಂಟ್ ಹೋಯಿತು ಅನ್ನುತ್ತಾನೆ.

ದಸರಾ ಹತ್ತಿರ ಬಂದಾಗ ಅವನೇ ಫೋನಿನಲ್ಲಿ ಸವಾಲು ಹಾಕಿದ. "ಭಾವ, ವಿಜಯದಶಮಿಗೆ ಹೆಂಗಿದ್ರೂ ನಮ್ಮನೆಗೆ ಬತ್ತೀರಲ್ಲ, ಎದುರಾಬದುರು ಕೂತ್ಕಂಡು ಒಂದೇ ಆಟ ಆಡ್ಬುಡನ. ಅವರವರ ಮೌಸು ಅವರವರದ್ದು. ಅಕ್ಕನೇ ಅಂಪೈರು. ಗೆಲ್ದೇ ಇದ್ದೋರು ಮೀಸೆ ಬೋಳಿಸ್ಬೇಕು."

ನನ್ನ ಮೀಸೆ ಸಾಮಾನ್ಯದ್ದಲ್ಲ. ಹಂಗಳದ ಕಡೆ ನನ್ನ ಹೆಸರು ಗೊತ್ತಿಲ್ಲದವರಿಗೂ 'ಮೀಸೆ ಡಾಕ್ಟ್ರು' ಗೊತ್ತು. ಅದು ಹೋಗಬಹುದು ಎಂಬ ಯೋಚನೆ ಬಂದದ್ದೇ ಒಮ್ಮೆ ಮೀಸೆ ತಿರುವಿ ನೋಡಿಕೊಂಡೆ. ಆದರೂ ಒಪ್ಪಿಕೊಂಡೆ, ಯಾಕೆಂದರೆ ಅವನ ಮೀಸೆ ನನ್ನದಕ್ಕಿಂತ ಚೆನ್ನಾಗಿತ್ತು.

ಒಪ್ಪಿಕೊಂಡ ವಾರವೇ ನನ್ನ ಹಳೇ ಮೌಸಿಗೆ ರೋಗ ಹಿಡಿಯಿತು. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತೆ ಆಗುತ್ತಿತ್ತು. ಆಟದಲ್ಲಿ ಬಂದೂಕು ಎತ್ತಿಕೊಂಡರೆ ಎತ್ತಿ ಕೆಳಗಿಡುತ್ತಿತ್ತು. ಒಳಗೆ ಶತ್ರು ಕಾದು ಕೂತ ಮನೆಯ ಬಾಗಿಲು ತೆಗೆದರೆ, ತೆಗೆದು ಮುಚ್ಚುತ್ತಿತ್ತು. ನಾನು ಮತ್ತೆ ಒತ್ತಿದೆ. ಅದು ಮತ್ತೆ ತೆಗೆದು ಮತ್ತೆ ಮುಚ್ಚಿತು. ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದ ನನ್ನ ಹೆಂಡತಿ ಕೇಳಿದಳು.

"ಏನ್ರೀ, ಕೊಲ್ಲಕ್ಕೆ ಹೋಗಿದ್ದೀರೋ, ನಾಮಕರಣಕ್ಕೆ ಕರೆಯಕ್ಕೆ ಹೋಗಿದ್ದೀರೋ?"

ಡಬ್ಬಿಯೊಳಗಿನ ಹಸು

ಮೌಸು ಬದಲಾಯಿಸಲೇಬೇಕಾಯಿತು. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿಯಿದೆ. ಯಜಮಾನರು ವಯನಾಡಿನ ಕಡೆಯವರು, ಕನ್ನಡವನ್ನು ನಮಗಿಂತ ಮೆಲ್ಲಗೆ, ನಮಗಿಂತ ಸ್ಪಷ್ಟವಾಗಿ ಮಾತಾಡುತ್ತಾರೆ. ಆಟದ ಮೌಸುಗಳನ್ನು ಸಾಲಾಗಿ ಇಟ್ಟರು. ಎಲ್ಲವೂ ಮೊಹರು ಹಾಕಿದ ಡಬ್ಬಿಯೊಳಗೆ.

"ಬಿಚ್ಚಿ ಕೊಡಿ, ಕೈಗೆ ಕೂರ್ತದಾ ನೋಡ್ತೀನಿ" ಎಂದೆ.

"ಬಿಚ್ಚಿದರೆ ನೀವೇ ತೆಗೆದುಕೊಳ್ಳಬೇಕು ಸಾರ್."

"ಮುಟ್ಟದೇನೆ ಹೆಂಗೆ ತಗೊಳ್ಳೋದು? ಹಸು ಕೊಳ್ಳೋರು ಬಾಯಿ ಬಿಡ್ಸಿ ಹಲ್ಲು ನೋಡಲ್ವಾ?"

"ಹಸುವನ್ನು ಡಬ್ಬಿಯಲ್ಲಿ ಹಾಕಿ ಮಾರುವುದಿಲ್ಲ ಸಾರ್."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಡಬ್ಬಿಗಳನ್ನೇ ಒಂದೊಂದಾಗಿ ಹಿಡಿದು ನೋಡಿದೆ. ಎಲ್ಲ ಡಬ್ಬಿಗಳೂ ಕೈಗೆ ಸರಿಯಾಗಿ ಒಂದೇ ಥರ ಚುಚ್ಚುತ್ತಿದ್ದವು. ಬೇಜಾರಾಗಿ ಗಲ್ಲಾದ ಮೇಲೆ ಕೈಯೂರಿದೆ. ಅಂಗೈ ಕೆಳಗೆ ಏನೋ ಮೆತ್ತಗೆ ಕೂತಂತಾಯಿತು. ಅದು ಅಂಗಡಿಯ ಸ್ವಂತ ಮೌಸು. ಬಣ್ಣ ಹೋಗಿತ್ತು, ಅಂಚು ಸವೆದಿತ್ತು, ಆದರೆ ನನ್ನ ಕೈಗೆಂದೇ ಮಾಡಿಸಿದ ಹಾಗಿತ್ತು.

"ಇದನ್ನೇ ಕೊಟ್ಬುಡಿ, ಬಿಲ್ ಹಾಕಿ" ಎಂದೆ.

ಯಜಮಾನರು ಸ್ವಲ್ಪವೂ ಸಿಟ್ಟಾಗದೆ ಕೇಳಿದರು, "ಅದನ್ನು ನಿಮಗೆ ಕೊಟ್ಟ ಮೇಲೆ ಬಿಲ್ಲನ್ನು ಯಾವುದರಲ್ಲಿ ಹಾಕಲಿ ಸಾರ್?"

ಕೆಚ್ಚಲು ಕೆಟ್ಟಿದ್ದು

ಭಾವಮೈದನಿಗೆ ಫೋನು ಮಾಡಿ ಗೋಳು ಹೇಳಿಕೊಂಡೆ. ಎದುರಾಳಿಯೇ ಆದರೂ ಮೇಷ್ಟ್ರಲ್ಲವೇ, ಪಾಠ ಮಾಡುವ ಅವಕಾಶ ಸಿಕ್ಕರೆ ಬಿಡುವುದಿಲ್ಲ. "ಭಾವ, ಮೊದ್ಲು ನಿಮ್ಮ ಹಿಡಿತ ಯಾವುದು ಅಂತ ತಿಳ್ಕೊಳ್ಳಿ. ಕೆಲವರು ಇಡೀ ಅಂಗೈ ಮಲಗಿಸ್ತಾರೆ. ಕೆಲವರು ಬೆರಳು ಮಡಿಸಿ ಹದ್ದಿನ ಉಗುರಿನ ಥರ ಹಿಡೀತಾರೆ. ಕೆಲವರು ಬೆರಳ ತುದೀಲಿ ಮಾತ್ರ ಮುಟ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಆಕಾರದ ಮೌಸು ಬೇಕು."

ನನ್ನ ಹಿಡಿತ ನೋಡೋಣವೆಂದು ಆಟಕ್ಕೆ ಕೂತೆ. ಆಟ ನೋಡಿದರೆ ಕೈ ಕಾಣುವುದಿಲ್ಲ, ಕೈ ನೋಡಿದರೆ ಯಾರೋ ಬಂದು ಕೊಂದು ಹೋಗುತ್ತಾರೆ. ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಕೈ ಕೂಡ ಫೋಟೋಗೆ ನಿಂತ ಮದುಮಗನ ಹಾಗೆ ಬಿಗಿದುಕೊಳ್ಳುತ್ತಿತ್ತು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ನೋಡಿ ಹೇಳಿದಳು, "ಹೆದರಿದಾಗ ಒಂಥರ ಹಿಡೀತೀರ, ಹೆದರದೇ ಇದ್ದಾಗ ಹೆಂಗೆ ಹಿಡೀತೀರೋ ಇನ್ನೂ ನೋಡಿಲ್ಲ."

ಕೊನೆಗೆ ತೀರ್ಪು ಕೊಟ್ಟವಳು ನನ್ನ ತಾಯಿ. ಮದುವೆಯಾಗಿ ಬಂದಾಗಿನಿಂದ ಹಾಲು ಕರೆದ ಕೈ ಅವಳದು. ಹಾಲು ಕರೆಯುವುದರಲ್ಲೂ ಮೂರು ಹಿಡಿತಗಳಿವೆ. ಇಡೀ ಅಂಗೈಯಲ್ಲಿ ಕರೆಯುವುದು ಒಂದು, ಎರಡು ಬೆರಳಲ್ಲಿ ಎಳೆಯುವುದು ಇನ್ನೊಂದು, ಹೆಬ್ಬೆರಳು ಮಡಿಸಿ ಗೆಣ್ಣಿನಿಂದ ಒತ್ತುವುದು ಮತ್ತೊಂದು. ಈ ಕೊನೆಯದರಿಂದ ಕೆಚ್ಚಲು ಹಾಳಾಗುತ್ತದೆ, ದಯವಿಟ್ಟು ಮಾಡಬೇಡಿ ಎಂದು ನಾನು ಹೋದ ಊರಲ್ಲೆಲ್ಲ ಭಾಷಣ ಮಾಡುತ್ತೇನೆ.

ಅಮ್ಮ ನನ್ನ ಕೈಯನ್ನೇ ದಿಟ್ಟಿಸಿದಳು. "ಎಬ್ಬೆಟ್ಟು ಮಡಿಸ್ಕಂಡು ಒತ್ತಾ ಇದ್ದೀಯಲ್ಲಾ! ಬ್ಯಾಡ ಬ್ಯಾಡ ಅಂತ ಊರೋರ್ಗೆಲ್ಲ ಯೋಳ್ಕಂಡು ತಿರುಗ್ತೀಯಲ್ಲ, ಅದೇ ಹಿಡ್ತ ಕಣ್ಲಾ. ಕೆಚ್ಲು ಕೆಡ್ದೆ ಇನ್ನೇನಾದದು?"

ಸಾರಿಲ್ಲದ ಮುದ್ದೆ

ಹಿಡಿತವೇನೋ ಗೊತ್ತಾಯಿತು. ಡಬ್ಬಿ ಬಿಚ್ಚದ ಅಂಗಡಿಯಲ್ಲಿ ಅದಕ್ಕೊಪ್ಪುವ ಆಕಾರ ಹುಡುಕುವುದು ಹೇಗೆ? ರಾತ್ರಿ ಊಟಕ್ಕೆ ಕೂತಾಗ ಉಪಾಯ ತಟ್ಟೆಯಲ್ಲೇ ಇತ್ತು. ರಾಗಿಮುದ್ದೆಯನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಮೇಲೆ ಮೌಸು ಹಿಡಿದ ಹಾಗೆ ಕೈಯಿಟ್ಟು ಒತ್ತಿದೆ. ಬೆರಳುಗಳ ಗುಳಿ, ಅಂಗೈಯ ಉಬ್ಬು ಎಲ್ಲ ಅಚ್ಚುಕಟ್ಟಾಗಿ ಮೂಡಿತು. ಹೆಂಡತಿ ಇನ್ನೊಂದು ಮುದ್ದೆ ಬಡಿಸಿದಳು.

ಬೆಳಿಗ್ಗೆ ಆ ಮುದ್ದೆಯನ್ನು ಟಿಫನ್ ಡಬ್ಬಿಯಲ್ಲಿಟ್ಟುಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ. ಅಲ್ಲಿನ ದೊಡ್ಡ ಅಂಗಡಿಯಲ್ಲಿ ನೋಡಲೆಂದೇ ಬಿಚ್ಚಿಟ್ಟ ಮೌಸುಗಳು ಇರುತ್ತವೆಂದು ಭಾವಮೈದ ಹೇಳಿದ್ದ. ಗಾಜಿನ ಕೌಂಟರಿನ ಮೇಲೆ ಮುದ್ದೆಯನ್ನು ಇಟ್ಟು "ಈ ಥರದ್ದು ಬೇಕು" ಎಂದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಮುದ್ದೆಯನ್ನೂ ನನ್ನ ಮೀಸೆಯನ್ನೂ ಒಮ್ಮೆ ನೋಡಿದರು. ಆಮೇಲೆ ಒಂದೊಂದೇ ಮೌಸು ತಂದು ಮುದ್ದೆಯ ಪಕ್ಕದಲ್ಲಿಟ್ಟು ಅಳೆಯತೊಡಗಿದರು. ಉದ್ದ ಸರಿಯಿದ್ದರೆ ಉಬ್ಬು ಸಾಲದು, ಉಬ್ಬು ಸರಿಯಿದ್ದರೆ ಹೆಬ್ಬೆರಳಿಗೆ ಜಾಗವಿಲ್ಲ. ಕೊಳ್ಳಲು ಬಂದವರೆಲ್ಲ ಸುತ್ತ ನಿಂತು "ಇದ ನೋಡಿ, ಅದ ನೋಡಿ" ಎಂದು ಸಲಹೆ ಕೊಡತೊಡಗಿದರು.

ಕೊನೆಗೂ ಒಂದು ಸರಿಯಾಗಿ ಒಪ್ಪಿತು. ಬೆನ್ನು ಉಬ್ಬಿದ, ಹೆಬ್ಬೆರಳಿಗೆ ಗುಳಿಯಿದ್ದ ಕರಿ ಮೌಸು. ಹಿಡಿದರೆ ಕೈ ತಾನಾಗಿಯೇ ಸಡಿಲವಾಯಿತು. ಮೀಸೆ ಉಳಿಯಿತು ಎಂದು ನನಗೆ ನಿಜವಾಗಿ ಸಂತೋಷವಾಯಿತು. ಮುದ್ದೆಯನ್ನು ಮತ್ತೆ ಡಬ್ಬಿಗೆ ಹಾಕಿಕೊಳ್ಳುವಾಗ, ಚಾರ್ಜರ್ ಕೊಳ್ಳಲು ಬಂದು ಮೊದಲಿನಿಂದಲೂ ನೋಡುತ್ತಿದ್ದ ಪುಣಜನೂರಿನ ಹಿರಿಯರೊಬ್ಬರು ಕಳಕಳಿಯಿಂದ ಕೇಳಿದರು.

"ಅಲ್ಲಾ ಸ್ವಾಮಿ, ಮುದ್ದೆಗೆ ಜೊತೆಯೇನೋ ಸಿಕ್ತು. ಸಾರ್ಗೆ ಎಲ್ಲಿಗೋದೀರಿ?"

ಆಯುಧಪೂಜೆ

ಹೊಸ ಮೌಸು ಮನೆಗೆ ಬಂದ ಮೇಲೆ ನಾನು ಸೋಲುವುದು ಕಡಿಮೆಯಾಯಿತು. ಅದರ ಹೊಟ್ಟೆಯಡಿ ಒಂದು ಕೆಂಪು ಬೆಳಕು ಮಿನುಗುತ್ತಿತ್ತು. ಅಮ್ಮ ಅದನ್ನು ಬಹಳ ಮೆಚ್ಚಿಕೊಂಡಳು.

ಆಯುಧಪೂಜೆಯ ದಿನ ಅವಳು ಬೈಕು, ಕುಡುಗೋಲು, ಮಿಕ್ಸಿ, ನನ್ನ ಸಿರಿಂಜು, ಎಲ್ಲಕ್ಕೂ ವಿಭೂತಿ ಬಳಿದು, ಕುಂಕುಮವಿಟ್ಟು, ಹೂ ಮುಡಿಸಿದಳು. ಮೌಸಿನ ಬೆನ್ನ ಮೇಲೂ ಮೂರು ಪಟ್ಟೆ ಎಳೆದಿದ್ದಳು. ಒಂದು ಆಟ ಆಡಿ ಕೈ ಪಳಗಿಸೋಣವೆಂದು ಹೋದರೆ ಗದರಿದಳು. "ಪೂಜೆ ಮಾಡಿದ್ದ ಇವತ್ತು ಮುಟ್ಬ್ಯಾಡ ಕಣ್ಲಾ! ನಾಳೀಕೆ ತಕ್ಕಂಡೋಗು. ಎಲ್ಲಾ ಕಡೀಕೂ ಚೆಂದಾಗಿ ಮಾಡಿವ್ನಿ." ಆಮೇಲೆ ಚಾಮರಾಜನಗರದ ಬೀಗಿತಿಗೆ, ಅಂದರೆ ನನ್ನ ಅತ್ತೆಗೆ, ಫೋನು ಮಾಡಿ ಪೂಜೆಯ ವಿಷಯ ಬಹಳ ಹೊತ್ತು ಮಾತಾಡಿದಳು. ಬೀಗಿತಿಯರು ಇಷ್ಟು ಅನ್ಯೋನ್ಯವಾಗಿರುವುದು ನಮ್ಮ ಪುಣ್ಯ ಅಂದುಕೊಂಡೆ.

ಬೆನ್ನಿಗೆ ಬೆನ್ನು

ವಿಜಯದಶಮಿಯ ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ಅತ್ತೆ ಮನೆಯ ಊಟದ ಮೇಜಿನಲ್ಲಿ ಎದುರುಬದುರು ಕೂತೆವು. ಅಮ್ಮ ಹಸು ನೋಡಿಕೊಳ್ಳಲು ಗುಂಡ್ಲುಪೇಟೆಯಲ್ಲೇ ಉಳಿದಿದ್ದಳು. ಅಂಪೈರು, ಅಂದರೆ ನನ್ನ ಹೆಂಡತಿ, ನಡುವೆ ನಿಂತು "ಶುರು" ಎಂದಳು.

ಆ ಆಟದಲ್ಲಿ ಇಬ್ಬರ ಸಿಪಾಯಿಗಳೂ ಮೊದಲು ಎದುರುಬದುರಿನ ಗೋಡೆಗಳಿಗೆ ಮುಖ ಮಾಡಿಕೊಂಡು ನಿಂತಿರುತ್ತಾರೆ. ತಿರುಗಬೇಕಾದರೆ ಮೌಸು ಸರಿಸಬೇಕು. ನಾನು ಸರಿಸಿದೆ. ಸಿಪಾಯಿ ಅಲುಗಲಿಲ್ಲ. ಕೆಳಗೆ ಬೆಳಕೂ ಕಾಣಲಿಲ್ಲ. ಮೌಸನ್ನು ತಿರುವಿ ನೋಡಿದೆ. ಬೆಳಕು ಬರುವ ತೂತಿನ ತುಂಬ ವಿಭೂತಿ ಮೆತ್ತಿತ್ತು. ಅದರ ಮೇಲೆ ದುಂಡಗೆ ಕುಂಕುಮ.

ಭಾವಮೈದ ಬಿದ್ದು ಬಿದ್ದು ನಕ್ಕ. ನಕ್ಕು ಮುಗಿಸಿ ತನ್ನ ಮೌಸು ಸರಿಸಿದ. ಅವನ ಸಿಪಾಯಿಯೂ ಅಲುಗಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ಹೇಳಿದರು, "ಬೆನ್ ಮ್ಯಾಲೆ ಮಾತ್ರ ಇಕ್ಕುದ್ರೆ ಕೈ ತಾಗಿ ಅಳಿಸೋಯ್ತದ, ಒಟ್ಟೇಲಿ ದೀಪ ಅದಲ್ಲ, ಅಲ್ಲೇ ಇಕ್ಕಿ ಅಂತ ನಿಮ್ಮವ್ವ ಯೋಳುದ್ರು."

ಭಾವಮೈದ ಟವೆಲಿಗೆ ಕೈ ಹಾಕಿದ. ಅತ್ತೆ ಕಿರುಚಿದರು, "ಅಬ್ಬದ ದಿಸ ಪೂಜೆ ಮಾಡಿದ್ ವಿಭೂತಿ ಒರಸೀಯಾ? ಎಮ್ಮೆ ಅಣೇದೂ ಒರಸ್ನಿಲ್ಲ ನಾವು! ಅದು ತಾನಾಗೇ ಉದುರ್ಬೇಕು."

ಇಬ್ಬರಿಗೂ ಒರೆಸುವ ಧೈರ್ಯ ಬರಲಿಲ್ಲ. ಹಾಗೇ ಆಡಿದೆವು. ಕೀಲಿ ಒತ್ತಿದರೆ ಸಿಪಾಯಿಗಳು ಹಿಂದೆ ಮುಂದೆ ನಡೆಯುತ್ತಿದ್ದರು, ಅಷ್ಟೇ. ಗೋಡೆಗೆ ಇಬ್ಬರೂ ಬೇಕಾದಷ್ಟು ಗುಂಡು ಹೊಡೆದೆವು. ಕೊನೆಗೆ ಹಿಂದಕ್ಕೆ ನಡೆದು ನಡೆದು ಸಿಪಾಯಿಗಳು ಬೆನ್ನಿಗೆ ಬೆನ್ನು ತಾಗಿಸಿ ನಿಂತುಬಿಟ್ಟರು. ಅತ್ತೆ ಕಣ್ಣು ತುಂಬಿಕೊಂಡು "ನೋಡು, ಭಾವ ಭಾವಮೈದ ಎಂಗ್ ಒಂದಾಗವ್ರೆ" ಎಂದರು. ಆಟದ ಸಮಯ ಮುಗಿಯಿತು.

"ಸಮಸಮ" ಎಂದು ನಾವಿಬ್ಬರೂ ಎದ್ದೆವು.

"ಕೂತ್ಕೊಳ್ಳಿ" ಎಂದಳು ಅಂಪೈರು. "ಗೆಲ್ದೇ ಇದ್ದೋರು ಬೋಳಿಸ್ಬೇಕು ಅಂತ ತಾನೇ ಮಾತು? ಇಬ್ರೂ ಗೆದ್ದಿಲ್ಲ." ರೇಜರನ್ನು ಅವಳು ಆಗಲೇ ತಂದಿಟ್ಟಿದ್ದಳು.

ಸಂಜೆ ಗುಂಡ್ಲುಪೇಟೆಯ ಮನೆ ತಲುಪಿದಾಗ ಅಮ್ಮ ಬಾಗಿಲು ತೆಗೆದು "ಯಾರಪ್ಪಾ ನೀವು?" ಎಂದಳು. ಹಿಂದಿದ್ದ ಸೊಸೆಯ ಮುಖ ಕಂಡ ಮೇಲೆಯೇ ಒಳಗೆ ಬಿಟ್ಟಿದ್ದು. ನಡೆದದ್ದನ್ನೆಲ್ಲ ಹೇಳಿದೆ. ಹಬ್ಬದ ದಿನ ವಿಭೂತಿ ಒರೆಸಲು ಅತ್ತೆ ಬಿಡಲಿಲ್ಲ ಎಂದಾಗ, ಸರಿಯಾಗಿಯೇ ಮಾಡಿದರು ಎಂಬಂತೆ ತಲೆಯಾಡಿಸಿದಳು. ಆಮೇಲೆ ನನ್ನ ಬೋಳು ತುಟಿಯನ್ನು ಕನಿಕರದಿಂದ ಸವರಿದಳು.

"ಅಯ್ಯೋ ಮಗ, ತಪ್ಮಾಡ್ಬುಟ್ಟೆ ಕಣಪ್ಪಾ. ಆ ಮೀಸೆಗೂ ಒಸಿ ವಿಭೂತಿ ಬಳ್ದಿದ್ರೆ ಯಾರೂ ಮುಟ್ತಿರ್ನಿಲ್ಲ."